ಹುಲಿಗೆಮ್ಮ ಸಿಸ್ಟರ್ ಮತ್ತು ಥರ್ಮಾಸಿನ ಐಸು

ಹುಲಿಗೆಮ್ಮ ಸಿಸ್ಟರ್ ಸೈಕಲ್ ತುಳಿಯುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಸಿಂಧನೂರಿನಲ್ಲಿ ಪೆಡಲ್ ಮೇಲೆ ಕಾಲಿಟ್ಟಾಗ ಶುರುವಾದ ಮಾತು ಜವಳಗೇರಾ ಬಂದರೂ ನಿಲ್ಲುತ್ತಿರಲಿಲ್ಲ. ಯಾರ ಮನೆಯ ಕೂಸಿಗೆ ಹಲ್ಲು ಬಂತು, ಯಾವ ಊರಿನ ಸೊಸೆಗೆ ಎಷ್ಟು ತಿಂಗಳು, ಮಸ್ಕಿಯ ತಮ್ಮ ಮನೆಯ ಎಮ್ಮೆ ಯಾಕೆ ಹಾಲು ಕೊಡಲೊಲ್ಲದು, ಎಲ್ಲವೂ ಬರುತ್ತಿತ್ತು. ನಡುನಡುವೆ ಕತ್ತು ತಿರುಗಿಸಿ, "ಬರೇ ಹ್ಞೂಂ ಅನಬ್ಯಾಡಪಾ, ಪೂರಾ ಮಾತಾಡು" ಎನ್ನುತ್ತಿದ್ದರು. ನಾನು ಅದನ್ನು ಹರಟೆ ಎಂದುಕೊಂಡಿದ್ದೆ. ಅದು ನನಗೆ ಇಟ್ಟ ಪರೀಕ್ಷೆ ಎಂದು ಗೊತ್ತಾಗುವ ಹೊತ್ತಿಗೆ ಫೇಲಾಗಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಆರೋಗ್ಯ ಸಹಾಯಕನ ನೌಕರಿ ಹಿಡಿದು ಲಿಂಗಸುಗೂರಿನಿಂದ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ನನ್ನ ಬಳಿ ಇದ್ದದ್ದು ಹೊಸ ಸೈಕಲ್ಲು, ಹೊಸ ಮೀಸೆ ಮತ್ತು ಎರಡಕ್ಕೂ ಮೀರಿದ ಜಂಬ. ಅಲ್ಲಿಯವರೆಗೆ ನಾನು ಸೈಕಲ್ ತುಳಿದದ್ದು ನಮ್ಮೂರ ಬಸ್ ಸ್ಟ್ಯಾಂಡಿನಿಂದ ಟಾಕೀಸಿನವರೆಗೆ, ಅಷ್ಟೇ. ಸಿಸ್ಟರ್ ನಲವತ್ತೈದು ದಾಟಿದ್ದರು. ಗಿಡ್ಡ ಆಳು, ತುಂಬಿದ ಮೈ, ಬಿಳಿ ಸೀರೆ; ಅವರ ಲೇಡೀಸ್ ಸೈಕಲ್ಲಿನ ಚೈನ್ ಕವರನ್ನು ಬ್ಯಾಂಡೇಜ್ ಬಟ್ಟೆಯಿಂದ ಬಿಗಿದಿದ್ದರು. ಕಾಲುವೆ ಕಡೆಯ ಊರುಗಳಿಗೆ ಹೋಗಿ ಕೂಸುಗಳಿಗೆ ಲಸಿಕೆ ಹಾಕುವುದು ಅವರ ಕೆಲಸ, ಜೊತೆಗಿದ್ದು ರಿಜಿಸ್ಟರ್ ಬರೆಯುವುದು ನನ್ನದು. ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ತುಂಬಿ, ನಡುವೆ ಲಸಿಕೆಯ ಸೀಸೆಗಳನ್ನು ಇಟ್ಟು ಒಯ್ಯುತ್ತಿದ್ದೆವು. ಐಸ್ ಕರಗಿದರೆ ಲಸಿಕೆ ಸತ್ತಂತೆ.

ಸೈಕಲ್ ತುಳಿಯುವುದಕ್ಕೂ ಅವರದೇ ಕಾನೂನುಗಳಿದ್ದವು. "ಮೊದಲಿನ ಎರಡು ಮೈಲು ಮದಿವಿ ಮೆರವಣಿಗಿ ಹೊಂಟಂಗ ಹೋಗಬೇಕು. ಕಾಲು ಬಿಸಿ ಆಗ್ಲಿ, ಆಮ್ಯಾಲ ನೋಡೂಣು." ನೀರಡಿಕೆ ಇರಲಿ ಬಿಡಲಿ, ಸೇತುವೆ ಬಂದಲ್ಲೆಲ್ಲ ಎರಡು ಗುಟುಕು ನೀರು. ಸೆರಗಿನ ಗಂಟಿನಲ್ಲಿ ಹುರಿದ ಶೇಂಗಾ ಮತ್ತು ಬೆಲ್ಲ. ಅದನ್ನು ಹಸಿವಾಗುವ ಮೊದಲೇ ತಿನ್ನಬೇಕು. ನನ್ನ ಸೀಟನ್ನು ಕಂಡರಂತೂ ಅವರಿಗೆ ತಡೆಯಲಾಗುತ್ತಿರಲಿಲ್ಲ. ನಿಂತಾಗ ಎರಡೂ ಕಾಲು ನೆಲಕ್ಕೆ ಊರಿ ಗತ್ತಿನಿಂದ ಕೂರಬೇಕೆಂದು ನಾನು ಅದನ್ನು ತೀರಾ ತಗ್ಗಿಸಿಕೊಂಡಿದ್ದೆ. "ಮೊಣಕಾಲು ಎದಿಗೆ ಬಡಿಯಾಕತ್ತಾವ ನೋಡು. ಹಿಂಗ ತುಳದ್ರ ತೊಡಿ ಸತ್ತು ಹೋಗ್ತಾವಲೇ, ಸೀಟು ಮ್ಯಾಲೆತ್ತು." ಲೇಡೀಸ್ ಸೈಕಲ್ಲಿನವರಿಂದ ನಾನು ಸೈಕಲ್ ಕಲಿಯಬೇಕೇ ಎಂದು ಒಳಗೊಳಗೇ ನಗುತ್ತಿದ್ದೆ.

ಊರ ಹೊರಗೆ ಒಂದು ಚಹಾದಂಗಡಿಯಿತ್ತು. ಒಂದು ದಿನ ಅಲ್ಲಿ ಕೂತಿದ್ದವನೊಬ್ಬ ನನ್ನನ್ನು ಕೂಗಿ ಕೇಳಿದ: "ಏನ್ರೀ ಸಾಹೇಬ್ರ, ದಿನಾ ಸಿಸ್ಟರ್ ಹಿಂದಿಂದ ಹೊಂಟಿರ್ತೀರಿ, ನಿಮಗೂ ಸೂಜಿ ಹಾಕೋದೈತೇನು?" ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಸಿಸ್ಟರ್ ಕೂಡ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಮುಂದಿನ ವಾರವೇ ಜವಳಗೇರಾದಿಂದ ಆಚೆ, ಕಾಲುವೆ ದಂಡೆಯ ಒಂದು ಕ್ಯಾಂಪಿಗೆ, ಅಂದರೆ ಗದ್ದೆಗಳ ನಡುವಿನ ಸಣ್ಣ ವಸತಿಗೆ, ದಡಾರದ ಲಸಿಕೆ ಹಾಕಲು ಹೋಗಬೇಕಿತ್ತು. ಭತ್ತದ ನಾಟಿಯ ದಿನಗಳು. ಹೆಣ್ಣಾಳುಗಳು ಬೆಳಗಾದರೆ ಕೆಸರಿಗಿಳಿಯುತ್ತಿದ್ದರು. ಸಿಸ್ಟರ್ ಎರಡು ಸಲ ಹೋಗಿ ಗದ್ದೆಯವರನ್ನು ಬೇಡಿ, ಹನ್ನೆರಡು ತಾಯಂದಿರನ್ನು ಹತ್ತು ಗಂಟೆಯವರೆಗೆ ಬಿಡಿಸಿಕೊಂಡಿದ್ದರು. ಆ ಮುಂಜಾನೆ ನಾನು ಬರೀ ಚಹಾ ಕುಡಿದು ಬಂದಿದ್ದೆ. ಅವರು ನೀರಿನ ಬಾಟಲಿ ಕಟ್ಟಿಕೊಳ್ಳುತ್ತಿದ್ದಾಗಲೇ ಥರ್ಮಾಸನ್ನು ಹೆಗಲಿಗೇರಿಸಿ, "ನಾ ಮುಂದ ಹೋಗಿ ಎಲ್ಲಾರನ್ನೂ ಕೂಡಸ್ತೀನ್ರೀ" ಎಂದು ಹೊರಟೆ. "ಲೇ ಅಮರೇಶಾ, ಹಂಗ ಓಡಬ್ಯಾಡ!" ಎಂದದ್ದು ಕೇಳಿಸಿತು. ಚಹಾದಂಗಡಿಯ ಮುಂದೆ ಪೆಡಲ್ ಮೇಲೆ ಎದ್ದು ನಿಂತು ತುಳಿದೆ. ನೋಡಿದವರು ನೋಡಿದರು.

ಎರಡು ಮೈಲಿ ನಾನು ರಾಜ. ಆಮೇಲೆ ತೊಡೆಗಳು ಬಿಗಿದವು. ಜವಳಗೇರಾ ದಾಟುವಾಗ ಬಿಸಿಲಿನಲ್ಲೂ ತಣ್ಣಗೆ ಬೆವರು. ಮುಂದಿನ ರಸ್ತೆ ಕಣ್ಣಿಗೆ ಕಪ್ಪಾಗಿ ಕಂಡಾಗ ಸೈಕಲ್ ಒಗೆದು ಒಂದು ಜಾಲಿಮರದ ಕೆಳಗೆ ಕೂತೆ. ಹೊಟ್ಟೆಯಲ್ಲಿ ಕಾಳಿಲ್ಲ, ನೀರು ಸಿಸ್ಟರ್ ಹತ್ತಿರ, ಕಾಲುವೆ ಇನ್ನೂ ದೂರ. ಹೆಗಲಲ್ಲಿ ಥರ್ಮಾಸು. ಒಂದೇ ಒಂದು ಚೂರು ಎಂದು ಮುಚ್ಚಳ ತೆಗೆದೆ. ಮೊದಲನೆಯದನ್ನು ಬಾಯಿಗೆ ಹಾಕಿಕೊಂಡೆ. ಎರಡನೆಯದನ್ನು ಕುತ್ತಿಗೆಗೆ ಒತ್ತಿಕೊಂಡೆ. ಆಮೇಲಿನದನ್ನು ಎಣಿಸಲಿಲ್ಲ. ಮುಚ್ಚಳ ಹಾಕಿದೆನೋ ಇಲ್ಲವೋ, ಕಣ್ಣು ಮುಚ್ಚಿಬಂತು.

ಎಬ್ಬಿಸಿದ್ದು ಅವರ ಸೈಕಲ್ ಬೆಲ್ಲು. ಸಿಸ್ಟರ್ ಥರ್ಮಾಸನ್ನು ಬಗ್ಗಿಸಿದರು. ಬೊಗಸೆಯಷ್ಟು ಬೆಚ್ಚನೆ ನೀರು ಬಂತು. ಸೀಸೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದು ನೋಡಿದರು. ಆಗ ನಾನು ಆಡಿದ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ಹಾಕಿಬಿಡೂಣ್ರೀ ಸಿಸ್ಟರ್, ಯಾರಿಗೆ ಗೊತ್ತಾಗತೈತಿ?" ಎಂದೆ.

ಅವರು ಸಿಟ್ಟಾಗಲಿಲ್ಲ. "ಸೂಜಿ ಚುಚ್ಚಿದ್ರ ಕೂಸು ಅಳತೈತಿ. ಅಳಿಸಿದ್ದಕ್ಕ ಅದಕ್ಕೇನಾರ ಸಿಗಬೇಕಲ್ಲಪಾ" ಎಂದರು. ಗಂಟು ಬಿಚ್ಚಿ ನನಗೆ ಶೇಂಗಾ ಬೆಲ್ಲ ಕೊಟ್ಟರು, ನೀರು ಕುಡಿಸಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕ್ಯಾಂಪಿನಲ್ಲಿ ಹನ್ನೆರಡು ಜನ ಕೂಸುಗಳನ್ನು ಎತ್ತಿಕೊಂಡು ಕಾಯುತ್ತಿದ್ದರು. "ಔಷಧ ಕೆಟ್ಟೈತ್ರವಾ. ತಪ್ಪು ನಂದು. ಹೋಗಿ ಹೊಸಾದು ತರ್ತೀನಿ" ಎಂದರು ಸಿಸ್ಟರ್. ಒಬ್ಬಾಕೆ ಸಿಡುಕಿದಳು: "ಕೆಲಸ ಬಿಟ್ಟು ಬಂದೀವಿ, ಈಗ ಹೇಳ್ತೀಯಲ್ಲಬೇ ನರ್ಸಮ್ಮ! ಇನ್ನೊಮ್ಮೆ ಕರದ್ರ ಯಾರು ಬರ್ತಾರ?" ಸಿಸ್ಟರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ತಪ್ಪು ಮಾಡಿದ ನಾನು ಪಕ್ಕದಲ್ಲೇ ನಿಂತು ಟಯರಿನ ಹವಾ ಒತ್ತಿ ನೋಡುತ್ತಿದ್ದೆ.

ನಾನೇ ಹೋಗಿ ತರುತ್ತೇನೆ ಎಂದರೆ ನನ್ನ ಕಾಲುಗಳೇ ಒಪ್ಪಲಿಲ್ಲ. ಅವರು ಸಿಂಧನೂರಿಗೆ ಹೋಗಿ, ಹೊಸ ಐಸು, ಹೊಸ ಲಸಿಕೆ ತುಂಬಿಕೊಂಡು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದೇ ಮೆರವಣಿಗೆಯ ನಡಿಗೆಯಲ್ಲಿ ವಾಪಸು ಬಂದರು. ಸೀರೆ ಬೆವರಿನಲ್ಲಿ ತೊಯ್ದಿತ್ತು, ಮಾತು ನಡೆದೇ ಇತ್ತು. ಅಷ್ಟರಲ್ಲಿ ಹೆಂಗಸರು ಗದ್ದೆಗಿಳಿದಿದ್ದರು. ಸಿಸ್ಟರ್ ಬದುವಿನಿಂದ ಬದುವಿಗೆ ಹೋಗಿ, ಮರಕ್ಕೆ ಕಟ್ಟಿದ ಜೋಳಿಗೆಗಳಲ್ಲಿ ಮಲಗಿದ್ದ ಕೂಸುಗಳಿಗೆಲ್ಲ ಲಸಿಕೆ ಹಾಕಿದರು. ಹನ್ನೊಂದೇ ಆದವು. ತವರಿಗೆ ಬಂದಿದ್ದ ಒಬ್ಬ ಹುಡುಗಿ ಕಾದು ಕಾದು, ಕೂಸಿನೊಂದಿಗೆ ಮುಕ್ಕುಂದದ ಗಂಡನ ಮನೆಗೆ ಹೋಗಿಬಿಟ್ಟಿದ್ದಳು. ರಜೆಯ ದಿನ ಸಿಸ್ಟರ್ ಥರ್ಮಾಸು ಕಟ್ಟಿಕೊಂಡು ಮುಕ್ಕುಂದಕ್ಕೂ ಹೋಗಿಬಂದರಂತೆ. ಆ ದಿನ ನಾನು ಲಿಂಗಸುಗೂರಿನಲ್ಲಿ ಅವ್ವನ ಕೈಯ ಹೋಳಿಗೆ ತಿನ್ನುತ್ತಿದ್ದೆ.

ತಿಂಗಳ ಮೀಟಿಂಗಿನಲ್ಲಿ ಡಾಕ್ಟರು ಲಸಿಕೆ ಹಾಳಾದದ್ದೇಕೆ ಎಂದು ಕೇಳಿದರು. ಸಿಸ್ಟರ್ ಎದ್ದು ನಿಂತು, "ಮುಚ್ಚಳ ಸಡ್ಲಿತ್ರೀ ಸರ್. ನಾ ನೋಡಿಕೊಳ್ಳಲಿಲ್ಲ" ಎಂದರು. ಇಷ್ಟು ವರ್ಷ ಸರ್ವಿಸ್ ಆಗಿ ಇಷ್ಟೂ ಗೊತ್ತಾಗುವುದಿಲ್ಲವೇ ಎಂದು ಎಲ್ಲರೆದುರು ಬೈಸಿಕೊಂಡರು, ಮೆಮೊ ತೆಗೆದುಕೊಂಡರು. ನಾನು ರಿಜಿಸ್ಟರಿಗೆ ಗೆರೆ ಎಳೆಯುತ್ತ ಕೂತಿದ್ದೆ. ಹೊರಗೆ ಬಂದ ಮೇಲೆ "ಸಿಸ್ಟರ್…" ಎಂದು ಬಾಯಿ ತೆರೆದೆ. "ಸೀಟು ಎತ್ತಿಸಿದ್ಯೋ ಇಲ್ಲೋ?" ಎಂದಷ್ಟೇ ಕೇಳಿ ಸೈಕಲ್ ಹತ್ತಿದರು.

ಅಂದೇ ಸೀಟು ಎತ್ತಿಸಿದೆ. ಮುಂದಿನ ಐದಾರು ವರ್ಷ ಅವರ ಹಿಂದೆಯೇ ತುಳಿದೆ, ಪೂರಾ ಮಾತಾಡುತ್ತ; ಮಾತಿಗೆ ಉಸಿರು ಸಾಲದಾದರೆ ಓಟ ಹೆಚ್ಚಾಯಿತೆಂದೇ ಅವರ ಲೆಕ್ಕ. ಒಮ್ಮೆಯೂ ದಾರಿಯಲ್ಲಿ ಕೂರಲಿಲ್ಲ. ಬಡ್ತಿ ಸಿಕ್ಕಿ ಲಿಂಗಸುಗೂರಿಗೆ ಹೋದ ಮೇಲೆ ಹೊಸ ಹುಡುಗರಿಗೆ ಇದನ್ನೆಲ್ಲ ನನ್ನ ಸ್ವಂತ ಅನುಭವ ಎಂಬಂತೆ ಹೇಳಿಕೊಟ್ಟೆ. ಐಸಿನ ಕಥೆಯನ್ನೂ ಹೇಳುತ್ತಿದ್ದೆ. ಅದರಲ್ಲಿ ಐಸ್ ತಿಂದವನು ಮಾತ್ರ ಯಾವನೋ ಒಬ್ಬ ಹುಡುಗ.

ತೊಂಬತ್ತರ ದಶಕ ಮುಗಿಯುವಾಗ ಸಿಸ್ಟರ್ ನಿವೃತ್ತರಾದರು. ಮಸ್ಕಿಯಲ್ಲಿ ಸಣ್ಣ ಸಮಾರಂಭ. ಈ ಸಲ ಹೇಳಿಯೇ ಬಿಡುವುದೆಂದು ನಿರ್ಧರಿಸಿ ಹೋಗಿದ್ದೆ, ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಮೈಕು ಹಿಡಿದು, "ಒಮ್ಮೆ ಸಿಸ್ಟರ್ ಮೇಲೆ ಒಂದು ತಪ್ಪು ಬಂತು. ಆ ತಪ್ಪು…" ಎಂದೆ. ಅಲ್ಲಿಗೆ ಉಸಿರು ನಿಂತಿತು. ನನಗೆ ದುಃಖ ಉಮ್ಮಳಿಸಿತೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ನಾನೂ ಚಪ್ಪಾಳೆಯ ಮರೆಯಲ್ಲಿ ಬಂದು ಕೂತುಬಿಟ್ಟೆ.

ಪಕ್ಕದ ಕುರ್ಚಿಯಲ್ಲಿದ್ದ ಸಿಸ್ಟರ್ ನನ್ನ ಮುಖ ನೋಡಿದರು. "ಯಾಕಪಾ, ಅರ್ಧಕ್ಕ ದಣಿದ್ಯಾ?" ಎಂದು ಮೆಲ್ಲಗೆ ಕೇಳಿ, ಹೊಸ ಸೀರೆಯ ಸೆರಗಿನ ಗಂಟು ಬಿಚ್ಚಿದರು. "ಮುಂಜಾನಿಂದ ಏನೂ ತಿಂದಿಲ್ಲಲ್ಲ ನೀ. ತಗೋ." ಎಲ್ಲರೆದುರು ಶೇಂಗಾ ಬೆಲ್ಲ ತಿಂದೆ.

ಅದೇ ಕೊನೆಯ ಭೇಟಿ. ಮರುವರ್ಷ ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಬರೇ ಹ್ಞೂಂ ಅನ್ನಬೇಡ, ಪೂರಾ ಮಾತಾಡು ಎನ್ನುತ್ತಿದ್ದಿರಲ್ಲ, ಸಿಸ್ಟರ್, ಆ ದಿನ ಐಸ್ ತಿಂದವನು ನಾನು.