ಫ್ರೀಜರಿನಲ್ಲಿಟ್ಟ ರೇಡಿಯೇಟರ್ ನೀರು

ಮುಂಬಯಿಯ ಮುಲುಂಡಿನಲ್ಲಿ ಚಳಿಗಾಲವೆಂದರೆ ಫ್ಯಾನಿನ ವೇಗವನ್ನು ಒಂದೆರಡು ಅಂಕಿ ಇಳಿಸುವ ಗೃಹಕೃತ್ಯ, ಅಷ್ಟೆ. ಅಂಥ ಊರಲ್ಲಿ ಕೂತು ಒಂದು ಸ್ಪೋರ್ಟ್ಸ್ ಕಾರನ್ನು ಹಿಮಕ್ಕೆ ಸಜ್ಜುಗೊಳಿಸುವ ಹೊಣೆ ಹೋದ ಡಿಸೆಂಬರಿನಲ್ಲಿ ನನ್ನ ಹೆಗಲೇರಿತು.

ಕಾರು ನನ್ನದಲ್ಲ, ಭಾಂಡುಪಿನಲ್ಲಿರುವ ಭಾವಮೈದುನನದು. ಕೆಂಪು ಬಣ್ಣ, ಎರಡೇ ಸೀಟು. ಒಳಗೆ ಹೋಗಬೇಕಾದರೆ ಸಾಷ್ಟಾಂಗ ನಮಸ್ಕಾರದ ಅರ್ಧದವರೆಗಾದರೂ ಬಾಗಬೇಕು. ಅದನ್ನು ಹಿಮಾಚಲದವರೆಗೆ ಓಡಿಸಿಯೇ ತೀರುತ್ತೇನೆಂದು ಅವನು ಹಟ ಹಿಡಿದ. ಅವನ ಹೆಂಡತಿ ಬರುವುದಿಲ್ಲವೆಂದಳು. ತೆರವಾದ ಸ್ಥಾನಕ್ಕೆ, ಹುಟ್ಟಿದಾಗಿನಿಂದ ಹಿಮ ಕಾಣದ ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಅವಿರೋಧವಾಗಿ ಆಯ್ಕೆಯಾದಳು. ನನ್ನ ನಿದ್ದೆ ಹೋದದ್ದು ಆಗ.

ನಾನು ದುಡಿದದ್ದು ಬೈಕುಲ್ಲಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಹೆಪ್ಪುಗಟ್ಟುವ ನೀರು ಹಿಗ್ಗಿ ಕಬ್ಬಿಣದ ಪೈಪನ್ನೇ ಸೀಳುವುದನ್ನು ಕಣ್ಣಾರೆ ಕಂಡವನು. ಎಂಜಿನ್ನಿನ ನೀರಿನಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಕೂಲೆಂಟ್ ಸಾಕಷ್ಟು ಬೆರೆತಿಲ್ಲದಿದ್ದರೆ ಬೆಟ್ಟದ ಮೇಲೆ ಒಂದು ರಾತ್ರಿ ಸಾಕು. ಎಂಜಿನ್ ಬಿರಿಯುತ್ತದೆ, ನನ್ನ ಹೆಂಡತಿ ಹೀಟರಿಲ್ಲದ ಡಬ್ಬಿಯೊಳಗೆ ನಡುರಸ್ತೆಯಲ್ಲಿ ಕೂತಿರುತ್ತಾಳೆ.

ಹಿಮದ ಟೈರು ಕೇಳಿದಾಗ ಅಂಗಡಿಯವನು ನಕ್ಕುಬಿಟ್ಟ. "ಅಂಕಲ್, ಬಂಬಯೀಲಿ ಬರ್ಫ್ ಇರೋದು ಐಸ್‌ಗೋಲಾ ಮಾರೋ ಗಾಡೀಲಿ ಮಾತ್ರ!" ಕೊನೆಗೆ ದಿಲ್ಲಿಯಿಂದ ತರಿಸಿಕೊಟ್ಟ. ಟೈರಿನ ಅಧ್ಯಾಯ ಮುಗಿಯಿತು. ನೀರಿನದು ಉಳಿಯಿತು. ಭಾವಮೈದುನನನ್ನು ಕೇಳಿದೆ.

"ಕೂಲೆಂಟ್ ಯಾವಾಗ ಹಾಕಿಸಿದ್ದಯ್ಯಾ?"

"ಅದೆಲ್ಲ ಫ್ರೆಶ್ ಇದೆ ಭಾವ. ಟೆನ್ಷನ್ ತಗೋಬೇಡಿ."

ಅವನು ಟೆನ್ಷನ್ ಬೇಡವೆಂದಾಗಲೆಲ್ಲ ನನಗೆ ಬರುವುದು ಅದೇ. ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, ರಬ್ಬರ್ ನಳಿಕೆಯಿಂದ ಸ್ವಲ್ಪ ನೀರನ್ನು ಬಿಸಾಡುವ ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿದೆ. ಹಸಿರು ಇರಬೇಕಿತ್ತು, ಹಸಿರಿನ ನೆನಪಷ್ಟೇ ಇತ್ತು. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಮೇಲೆ 'ವಿಷ' ಎಂದು ದಪ್ಪಕ್ಷರದಲ್ಲಿ ಬರೆದು ಫ್ರೀಜರಿನಲ್ಲಿಟ್ಟೆ.

"ರೀ, ಕಾರಿನ ಕಷಾಯಕ್ಕೆ ನನ್ನ ಫ್ರಿಜ್ಜೇ ಬೇಕಿತ್ತಾ?"

"ನಿನ್ನ ಪ್ರಾಣದ ಪ್ರಶ್ನೆ."

"ಪ್ರಾಣ ಇರ್ಲಿ. ಹಿತಕಿದ ಅವರೆಕಾಳಿಗೆ ತಗಲದ ಹಾಗಿಡಿ."

ಬೆಳಿಗ್ಗೆ ಡಬ್ಬಿಯನ್ನು ಅಲ್ಲಾಡಿಸಿದೆ. ಏನೂ ಅಲ್ಲಾಡಲಿಲ್ಲ. ತಲೆಕೆಳಗು ಮಾಡಿದೆ. ಒಳಗೆ ಕಲ್ಲು.

ಭಾವಮೈದುನನನ್ನು ಕರೆಸಿ, ಡಬ್ಬಿಯನ್ನು ಊಟದ ಮೇಜಿನ ಮೇಲೆ ಪಂಚನಾಮೆಗೆ ಇಟ್ಟೆ.

"ನಿಮ್ಮ ಫ್ರೀಜರ್ ಜಾಸ್ತಿ ಸ್ಟ್ರಾಂಗ್ ಇರ್ಬೇಕು ಭಾವ."

"ಹಿಮಾಲಯಕ್ಕಿಂತಲೋ?"

ಅವನು ಅಕ್ಕನ ಮುಖ ನೋಡಿದ. "ಆಯುಧಪೂಜೇಲಿ ಹಳೇ ನೀರು ಚೆಲ್ಲಿ ಹೊಸದು ತುಂಬ್ತೀನಲ್ಲ... ಅಪ್ಪ ಅವರ ಕಾರಿಗೆ ಮಾಡ್ತಿರ್ಲಿಲ್ವಾ?"

ಮಾಡುತ್ತಿದ್ದರು. ಕಾರು ತೊಳೆದು, ರೇಡಿಯೇಟರಿನ ನೀರು ಬದಲಿಸಿ, ಕುಂಕುಮವಿಟ್ಟು, ಬೂದುಗುಂಬಳ ಒಡೆಯುವುದು ಅವರ ಮನೆತನದ ಕ್ರಮ. ಆ ಕಾಲದ ಕಾರು ಬರೀ ನೀರು ಕುಡಿದೇ ಬದುಕಿತು. ಮಗ ಅದೇ ಭಕ್ತಿಯಿಂದ, ದುಬಾರಿ ಕೂಲೆಂಟನ್ನು ವರ್ಷವರ್ಷವೂ ಮೈಲಿಗೆಯೆಂದು ಹೊರಹಾಕಿದ್ದಾನೆ.

"ನಲ್ಲಿ ನೀರಲ್ಲ ಭಾವ, ಫಿಲ್ಟರ್‌ದು" ಎಂದ, ಶಿಕ್ಷೆ ಕಡಿಮೆಯಾದೀತೆಂಬ ಆಸೆಯಿಂದ.

ನಾನು ನಗಲಿಲ್ಲ. "ಇವಳನ್ನ ಕಳಿಸಲ್ಲ" ಎಂದೆ.

ಹೆಂಡತಿ ನನ್ನ ಕಡೆ ತಿರುಗಿದಳು. "ಐಸ್ ವಿಷಯ ನನಗೇ ಗೊತ್ತು ಅಂತ ಇಷ್ಟು ವರ್ಷ ಹೇಳಿದೀರಲ್ಲ. ಸರಿಮಾಡಿ. ನಾನು ಹೋಗ್ತೀನಿ."

ಆ ಒಂದು ಮಾತಿನಿಂದ ಅಪರಾಧ ಅವನದು, ಜವಾಬ್ದಾರಿ ನನ್ನದು ಎಂದು ತೀರ್ಪಾಯಿತು. ಭಾಂಡುಪಿನ ಗ್ಯಾರೇಜಿನಲ್ಲಿ ಎದುರು ನಿಂತು ಹಳೆಯ ನೀರನ್ನೆಲ್ಲ ಬಸಿಸಿ, ಹೊಸ ಕೂಲೆಂಟ್ ಬೆರೆಸಿದ್ದನ್ನು ತುಂಬಿಸಿದೆ. ಮತ್ತೆ ಡಬ್ಬಿ, ಮತ್ತೆ ಫ್ರೀಜರ್. ಈ ಸಲ ಬೆಳಿಗ್ಗೆ ಒಳಗಿನದು ದಟ್ಟ ಹಸಿರಾಗಿ ಕುಲುಕಿತು. ಕಳಿಸಿಕೊಟ್ಟೆ. ಆದರೆ ಅಡುಗೆಮನೆಯ ಫ್ರೀಜರ್ ಬೇರೆ, ಬೆಟ್ಟದ ಗಾಳಿ ಬೇರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಟ್ಟದ ಮೇಲಿನ ಮೊದಲ ರಾತ್ರಿ ಕಾರು ಹೋಟೆಲಿನ ಹೊರಗೆ ಬಯಲಲ್ಲೇ ನಿಂತಿತ್ತಂತೆ. ಬೆಳಿಗ್ಗೆ ಫೋನು ಬಂತು. "ಭಾವ, ಸ್ಟಾರ್ಟ್ ಮಾಡ್ತಿದೀನಿ. ಕೇಳಿಸ್ಕೊಳ್ಳಿ."

ಏನೋ ನರಳಿದ ಸದ್ದು. ನಿಂತಿತು. ಮತ್ತೆ ನರಳಿತು, ನಿಂತಿತು.

"ತಾಳು, ಒತ್ತಬೇಡ!" ಎಂದು ಕೂಗಿದೆ.

ಅವನು ಮತ್ತೆ ಒತ್ತಿಯೇಬಿಟ್ಟ. ಈ ಸಲ ಕಿವಿ ಹಾರಿಹೋಗುವ ಹಾಗೆ ಎಂಜಿನ್ ಗುಡುಗಿತು.

"ಕೆಳಗೆ ಬಗ್ಗಿ ನೋಡು. ಸೋರ್ತಿದೆಯಾ?"

ಹಿಮದ ಮೇಲೆ ಬೂಟಿನ ಕರಕರ. ಕೊನೆಗೆ ಕೇಳಿದ್ದು ಹೆಂಡತಿಯ ದನಿ; ಕಾರಿನಡಿ ಬಗ್ಗಿದ್ದು ಅವಳೇ.

"ಎಲ್ಲಾ ಬೆಳ್ಳಗಿದೆ ರೀ. ಒಂದು ತೊಟ್ಟೂ ಹಸಿರಿಲ್ಲ. ಈಗ ಫೋನ್ ಇಡಿ, ನನಗೆ ನೋಡೋದು ತುಂಬಾ ಇದೆ."