ರಹೀಮುನ್ನೀಸಾ ಬೆರಳು ಬಿಡಿಸಿದ್ದು

ಜೂನ್ ತಿಂಗಳ ಮೊದಲ ವಾರ ಮದ್ದೂರಿನ ಆ ಅಂಗನವಾಡಿಯ ಮುಂದೆ ನಿಂತರೆ ಕಿವಿ ತೂತು ಬೀಳುತ್ತದೆ. ಅಮ್ಮನ ಸೆರಗು ಬಿಡದ ಕೂಸುಗಳು ಒಂದು ಕಡೆ, ಬಿಟ್ಟು ಹೋಗಲು ಮನಸ್ಸು ಬಾರದೆ ಬಾಗಿಲಲ್ಲೇ ಕಣ್ಣೊರೆಸಿಕೊಳ್ಳುವ ಅಮ್ಮಂದಿರು ಇನ್ನೊಂದು ಕಡೆ. ಇಬ್ಬರನ್ನೂ ಬೇರೆ ಮಾಡುವ ಕೆಲಸ ರಹೀಮುನ್ನೀಸಾಳದು. ಕಾಗದದಲ್ಲಿ ಅವಳು ಸಹಾಯಕಿ, ಬೀದಿಗೆಲ್ಲ ಆಯಮ್ಮ. ಇಪ್ಪತ್ತಾರು ವರ್ಷದಿಂದ ಅಲ್ಲಿ ಉಪ್ಪಿಟ್ಟು ಕೆದಕಿ, ಮೊಟ್ಟೆ ಬೇಯಿಸಿ, ಊರವರ ಮಕ್ಕಳ ಸಿಂಬಳ ಒರೆಸಿದ್ದಾಳೆ. ಆಗ ಅವಳಿಂದ ಸಿಂಬಳ ಒರೆಸಿಕೊಂಡವರು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ.

ಸೆರಗು ಬಿಡಿಸುವುದರಲ್ಲಿ ಅವಳದ್ದೇ ಒಂದು ಕ್ರಮ ಇದೆ. ಮುಷ್ಟಿ ಹಿಡಿದು ಎಳೆದರೆ ಕೂಸು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕಿರುಬೆರಳಿನಿಂದ ಶುರು ಮಾಡಬೇಕು, ಅದಕ್ಕೆ ಬಲ ಕಮ್ಮಿ. ಅದು ಬಿಟ್ಟರೆ ಪಕ್ಕದ್ದು ಬಿಡುತ್ತದೆ, ಕೊನೆಗೆ ಹೆಬ್ಬೆರಳು ತಾನಾಗಿ ಬರುತ್ತದೆ. ಅಷ್ಟು ಹೊತ್ತೂ ಬಾಯಿ ಮಾತ್ರ ಕಾಗೆಯದ್ದೋ ಕೋಳಿಯದ್ದೋ ಕತೆ ಹೇಳುತ್ತಿರಬೇಕು. ಕೈ ಬಿಟ್ಟ ಗಳಿಗೆಯಲ್ಲೇ ಅವಳು ತಾಯಿಗೆ ಹೇಳುವುದು ಒಂದೇ ಮಾತು.

"ತಿರುಗಿ ನೋಡ್ಬೇಡ, ಓಗು ಕಣಮ್ಮ. ನೀ ನೋಡುದ್ರೆ ಅದು ಇನ್ನೂ ಅಳ್ತದೆ."

ಇಂಥ ಗಟ್ಟಿಗಿತ್ತಿಯ ಮನೆಯಲ್ಲೇ ಈ ಬೇಸಿಗೆಯ ಶುರುವಿನಲ್ಲಿ ಮಾತು ಎದ್ದಿತು. ಮಗ ಝುಬೇರ್ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನ ಮಗಳು ಮಿಸ್ಬಾಗೆ ಮೂರೂ ಮುಕ್ಕಾಲು ವರ್ಷ. ಒಂದು ವರ್ಷದಿಂದ ಅಜ್ಜಿಯ ಬೆರಳು ಹಿಡಿದುಕೊಂಡೇ ಅಂಗನವಾಡಿಗೆ ಬರುತ್ತಿದ್ದಳು. ಮನೆಯಲ್ಲಿ ಅಜ್ಜಿಯನ್ನು ಉರ್ದುವಿನಲ್ಲಿ ದಾದಿ ಎನ್ನುವವಳು ಅಂಗನವಾಡಿಯ ಹೊಸ್ತಿಲು ದಾಟಿದ ಕೂಡಲೇ ಉಳಿದ ಮಕ್ಕಳ ಜೊತೆ ಸೇರಿ ಆಯಮ್ಮ ಎನ್ನುವಳು. ಒಂದು ಭಾನುವಾರ ಊಟಕ್ಕೆ ಕೂತಾಗ ಝುಬೇರ್ ಹೇಳಿದ: ಮಗಳನ್ನು ಮಂಡ್ಯದ ಹೊಸ ಇಸ್ಲಾಮಿಕ್ ನರ್ಸರಿಗೆ ಸೇರಿಸುತ್ತೇನೆ. ಅಲ್ಲಿ ಇಂಗ್ಲಿಷೂ ಇದೆ, ಕುರಾನ್ ಓದಲು ಅರಬ್ಬಿಯೂ ಇದೆ, ಮನೆಯ ಬಾಗಿಲಿಗೇ ವ್ಯಾನ್ ಬರುತ್ತದೆ.

ಆ ಮನೆಯಲ್ಲಿ ಆಡುವುದು ಉರ್ದು. ಆದರೆ ಜಗಳಕ್ಕೆ ಮಾತ್ರ ಇಬ್ಬರಿಗೂ ಕನ್ನಡವೇ ಬೇಕು, ಅದರ ರುಚಿಯೇ ಬೇರೆ.

"ಅಲ್ಲೇನ್ಲಾ ಅದೆ, ಇಲ್ಲಿ ಇಲ್ದಿರೋದು? ನೀ ಓದ್ಲಿಲ್ವಾ ಇಲ್ಲೇ?"

"ಓದ್ದೆ ಬುಡು. ಓದಿ ಏನಾದೆ ಅಂತ ನಂಗೊತ್ತು."

"ಇಪ್ಪತ್ತು ಕಿಲೋಮೀಟ್ರು ಐವೇ ಮ್ಯಾಲೆ ಓಗ್‌ಬೇಕು ಕಣ್ಲಾ, ಅಂಗೈಯಗಲ ಕೂಸು!"

"ಊರವ್ರ ಮಕ್ಳೆಲ್ಲ ಓಯ್ತಾವೆ, ನಮ್ದೇನು ಬೆಣ್ಣೇಲಿ ಮಾಡಿರಾದಾ?"

ಸೊಸೆ ಶಬ್ರೀನ್ ಸಾರು ಬಡಿಸುತ್ತಾ ತಲೆ ತಗ್ಗಿಸಿದಳು. ಮಗಳಿಗೆ ಇಂಗ್ಲಿಷ್ ಸಿಕ್ಕರೆ ಅವಳಿಗೆ ಸಾಕಾಗಿತ್ತು. ರಹೀಮುನ್ನೀಸಾ ಯಾರ ಕಡೆ ನೋಡಿದರೂ ತನ್ನ ಪಕ್ಷಕ್ಕೆ ಒಬ್ಬರೂ ಇರಲಿಲ್ಲ. ಬೇಡ ಎಂದು ಗಟ್ಟಿಯಾಗಿ ಹೇಳೋಣವೆಂದರೆ, ಯಾವುದನ್ನು ಬೇಡ ಎಂದ ಹಾಗಾಯಿತು? ಕುರಾನ್ ಕಲಿಯುವುದನ್ನೇ? ಐದು ಹೊತ್ತು ನಮಾಜು ಮಾಡುವ ಹೆಂಗಸು ಆ ಮಾತನ್ನು ಬಾಯಿಗೆ ಹೇಗೆ ತಂದಾಳು? ಬಿಸಿತುಪ್ಪ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮಾರನೆಯ ದಿನ ಅಂಗನವಾಡಿ ಟೀಚರ್ ಯಶೋದಮ್ಮನ ಮುಂದೆ ಹೋಗಿ ನಿಂತಳು. ಝುಬೇರ್‌ಗೆ ಅ ಆ ತಿದ್ದಿಸಿದ್ದು ಇದೇ ಯಶೋದಮ್ಮ.

"ನೀವೊಂದ್ ಮಾತೇಳಿ ಟೀಚ್ರೇ. ನಿಮ್ಮಾತು ಕೇಳ್ತಾನೆ ಅವ್ನು."

ಯಶೋದಮ್ಮ ಹಾಜರಿ ಪುಸ್ತಕ ಮುಚ್ಚಿಟ್ಟರು. "ನಾ ಏನಂತ ಏಳ್ಲಿ ರಹೀಮಮ್ಮ? ನನ್ ಮೊಮ್ಮಗ್ಳೇ ಕಾನ್ವೆಂಟಿಗೆ ಓಯ್ತಾಳೆ. ಅವಳ್ನ ಇಲ್ಲಿಗೆ ಕಳ್ಸು ಅಂತ ನನ್ ಮಗನ್ನೇ ಕೇಳಾಕಾಗ್ನಿಲ್ಲ. ನಿನ್ ಮಗನ್ನ ಯಾವ್ ಬಾಯಲ್ಲಿ ಕೇಳ್ಲಿ?"

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರವರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ ಕೈಗೆ ಸ್ವಂತ ಮೊಮ್ಮಕ್ಕಳೇ ಸಿಗುವುದಿಲ್ಲ! ಯಶೋದಮ್ಮ ನಕ್ಕರು. ರಹೀಮುನ್ನೀಸಾಳಿಗೆ ನಗು ಬರಲಿಲ್ಲ.

ಆ ಶನಿವಾರ ಮಗನ ಜೊತೆ ಅವಳೂ ಮಂಡ್ಯಕ್ಕೆ ಹೊರಟಳು. ನೋಡಿಕೊಂಡು ಬರುತ್ತೇನೆ ಎಂದದ್ದು ಬರೀ ಬಾಯಿಮಾತು. ಹೋದದ್ದು ತಪ್ಪು ಹುಡುಕಲು. ನಾನು ಅದನ್ನು ಮುಚ್ಚಿಡುವುದಿಲ್ಲ, ಅಲ್ಲಿಗೆ ಹೋದ ಮೇಲೆ ಅವಳೂ ಮುಚ್ಚಿಡಲಿಲ್ಲ. ಮೊದಲು ಕಕ್ಕಸ್ಸಿನ ಬಾಗಿಲು ತೆಗೆದಳು. ಫಳಫಳ ಹೊಳೆಯುತ್ತಿತ್ತು, ನಲ್ಲಿ ಮಕ್ಕಳ ಎತ್ತರಕ್ಕೇ ಇತ್ತು. ಕುಡಿಯುವ ನೀರಿನ ಡ್ರಮ್ಮಿನ ಮುಚ್ಚಳ ಎತ್ತಿ ಇಣುಕಿದಳು. ಗೇಟಿನ ಚಿಲಕ ಮಕ್ಕಳ ಕೈಗೆ ಎಟುಕುತ್ತದೋ ಎಂದು ಕೈ ಚಾಚಿ ಅಳೆದಳು. ಟೀಚರ್ ಚಿಕ್ಕ ವಯಸ್ಸಿನ ಹುಡುಗಿ, ಕುರ್ಚಿ ಬಿಟ್ಟು ಮಕ್ಕಳ ನಡುವೆ ಚಾಪೆಯ ಮೇಲೆ ಕೂತಿದ್ದಳು, ಮಡಿಲಲ್ಲೊಂದು ಮಗು ಬೇರೆ. ತಪ್ಪು ಹೇಳಲು ಜಾಗವೇ ಇಲ್ಲ. ಸಿಕ್ಕಿದ್ದು ಒಂದೇ. ಅಲ್ಲಿನ ಆಯಾ ಅಳುವ ಕೂಸೊಂದನ್ನು ಮಣಿಕಟ್ಟು ಹಿಡಿದು ಎಳೆಯುತ್ತಿದ್ದಳು. ಪಾಪ, ಗೊತ್ತಿಲ್ಲದವಳು. ಅದನ್ನು ಒಂದು ತಪ್ಪು ಅಂತ ಮಗನಿಗೆ ಹೇಳಿದರೆ ಅವನು ನಕ್ಕುಬಿಡುತ್ತಾನೆ ಎಂದು ಸುಮ್ಮನಾದಳು.

ಟೀಚರ್ ಮಿಸ್ಬಾಳನ್ನು ಹತ್ತಿರ ಕರೆದು ಕೆಂಪು ಚೆಂಡು ತೋರಿಸಿ, ಇದು ಯಾವ ಬಣ್ಣ ಎಂದು ಉರ್ದುವಿನಲ್ಲಿ ಕೇಳಿದಳು.

"ಕೆಂಪು ಕಣ್ ಮಿಸ್ಸು. ಅಷ್ಟೂ ಗೊತ್ತಾಗಾಕಿಲ್ವಾ?"

ಝುಬೇರ್ ನೆಲ ನೋಡಿದ. ರಹೀಮುನ್ನೀಸಾಳ ಎದೆಯಲ್ಲಿ ಒಂದು ಗಳಿಗೆ ಆಸೆ ಚಿಗುರಿತು. ಈ ಬಾಯಿ ಕೇಳಿ ಇವರೇ ಬೇಡ ಅಂದುಬಿಟ್ಟರೆ! ಟೀಚರ್ ಮಾತ್ರ ಮಗುವಿನ ಕೆನ್ನೆ ಸವರಿ, "ಮೂರು ತಿಂಗಳಲ್ಲಿ ಸರಿಹೋಗುತ್ತಾಳೆ," ಎಂದಳು. ಸರಿಹೋಗಲು ಏನು ಕೆಟ್ಟಿತ್ತು ಎಂದು ಕೇಳಬೇಕೆನಿಸಿತು. ಯಾರನ್ನು ಕೇಳುವುದು?

ವಾಪಸು ಬಸ್ಸಿನಲ್ಲಿ ಮಿಸ್ಬಾ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದಳು. ರಹೀಮುನ್ನೀಸಾ ತನ್ನಲ್ಲಿ ಉಳಿದಿದ್ದ ಕೊನೆಯ ಮಾತನ್ನು ಆಡಿದಳು.

"ಏಳು ಗಂಟೆಗೆಲ್ಲ ವ್ಯಾನು ಬತ್ತದಂತೆ. ಆರಕ್ಕೇ ಎಬ್ಬುಸ್ಬೇಕು. ಎಳೇ ಕೂಸು ಕಣ್ಲಾ, ಇನ್ನೊಂದ್ ವರ್ಸ ಮಲಗ್ಲಿ ಬುಡು."

ಬಸ್ಸು ಗೆಜ್ಜಲಗೆರೆಯಲ್ಲಿ ನಿಂತಿತು, ಹೊರಟಿತು. ಝುಬೇರನ ಕಾರ್ಖಾನೆ ಹಿಂದೆ ಸರಿಯಿತು. ಆಮೇಲೆ ಅವನು ಮೆಲ್ಲಗೆ, ಈ ಸಲ ಉರ್ದುವಿನಲ್ಲಿ ಹೇಳಿದ.

"ಅಬ್ಬಾನ ಜಿಯಾರತ್ ದಿನ ನಾನೂ ಕೂತಿದ್ದೆನಲ್ಲ, ಅಮ್ಮಿ."

ಮೂರು ವರ್ಷದ ಹಿಂದಿನ ಮಾತು. ಅವಳ ಗಂಡ ಅಫ್ಸರ್ ಪಾಷಾ, ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದವನು, ತೀರಿಕೊಂಡ ಮೂರನೆಯ ದಿನ. ಅಂದು ಕುರಾನಿನ ಮೂವತ್ತು ಭಾಗಗಳನ್ನು, ಒಂದೊಂದು ಸಣ್ಣ ಪುಸ್ತಕದಂತೆ, ಬಂದ ಗಂಡಸರ ಕೈಗೆಲ್ಲ ಹಂಚುತ್ತಾರೆ. ಒಬ್ಬೊಬ್ಬರು ಒಂದೊಂದು ಸಿಪಾರ ಓದಿದರೆ ಇಡೀ ಕುರಾನ್ ಓದಿ ಸತ್ತವನ ಹೆಸರಿಗೆ ಅರ್ಪಿಸಿದಂತಾಗುತ್ತದೆ.

"ನನ್ನ ಕೈಗೂ ಒಂದು ಕೊಟ್ಟರು. ಓದಲು ಬರುವುದಿಲ್ಲ ಅನ್ನಲು ನಾಚಿಕೆಯಾಯಿತು. ಪಕ್ಕದವರು ಹಾಳೆ ತಿರುಗಿಸಿದಾಗ ನಾನೂ ತಿರುಗಿಸಿದೆ. ಓದಿ ಆಯಿತಾ ಅಂದರು. ಆಯಿತು ಅಂದೆ." ಅವನು ಕಿಟಕಿಯಾಚೆ ನೋಡುತ್ತಿದ್ದ. "ಅಬ್ಬಾಗೆ ಸಿಕ್ಕಿದ್ದು ಇಪ್ಪತ್ತೊಂಬತ್ತೇ, ಅಮ್ಮಿ. ಒಂದು ಕಮ್ಮಿ ಬಿತ್ತು. ಅದು ಮಗನ ಕೈಲಿದ್ದದ್ದು."

ಅಫ್ಸರ್ ಪಾಷಾ ಬೆಳಗಿನ ನಮಾಜು ಮುಗಿಸಿ ಬಂದು, ಮಸೀದಿಯ ಓದಿಗೆ ಕಳಿಸೋಣ ಎಂದು ನಾಲ್ಕು ವರ್ಷದ ಝುಬೇರನನ್ನು ದಿನವೂ ಎಬ್ಬಿಸಲು ಹೋಗುತ್ತಿದ್ದ. ಕೌದಿಯ ಮೇಲೆ ಕೈಯಿಟ್ಟು ದಿನವೂ ಅಡ್ಡ ಬರುತ್ತಿದ್ದವಳು ರಹೀಮುನ್ನೀಸಾಳೇ. ಎಳೇ ಕೂಸು, ಮಲಗಲಿ ಬಿಡಿ, ನಾಳೆಯಿಂದ ಹೋಗುತ್ತಾನೆ. ಮೆತ್ತಗಿನ ಮನುಷ್ಯ, ಒಂದು ವರ್ಷ ಕರೆದು ಸಾಕಾಗಿ ಬಿಟ್ಟುಬಿಟ್ಟ. ಆ ನಾಳೆ ಬರಲೇ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಬೇರೆಯವರಿಗೆ ಹೇಳುವುದು ಸುಲಭ. ಉಣ್ಣುವ ತಟ್ಟೆ ತನ್ನ ಮುಂದೆಯೇ ಬಂದಾಗ ಅವಳಿಗೆ ಅಳುವುದಕ್ಕೂ ಹಕ್ಕಿಲ್ಲ ಅನ್ನಿಸಿತು. ಮದ್ದೂರು ಬರುವವರೆಗೆ ಮಗುವಿನ ಕಾಲು ಒತ್ತುತ್ತಾ ಕೂತಿದ್ದಳು.

ಜೂನಿನ ಮೊದಲ ಸೋಮವಾರ ಆರು ಗಂಟೆಗೆ ಮಿಸ್ಬಾಳನ್ನು ಎಬ್ಬಿಸಿದ್ದು ಅವಳೇ. ಕಣ್ಣು ಬಿಡದ ಕೂಸನ್ನು ನೋಡಿ ಅದೇ ಹಳೆಯ ಮಾತು ಗಂಟಲಿಗೆ ಬಂತು. ನುಂಗಿಕೊಂಡು ಮುಖ ತೊಳೆಸಿದಳು. ವ್ಯಾನ್ ಬಂತು, ನರ್ಸರಿಯಲ್ಲಿ ನೋಡಿದ್ದ ಅದೇ ಆಯಾ ಇಳಿದಳು. ಅಲ್ಲಿಯವರೆಗೆ ಹೊಸ ಬ್ಯಾಗಿನ ಗುಂಗಿನಲ್ಲಿದ್ದ ಮಿಸ್ಬಾ ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು.

"ನಾ ಓಗಾಕಿಲ್ಲ! ನಾ ಆಯಮ್ಮನ್ ಜೊತೆ ಓಯ್ತೀನಿ!"

ಶಬ್ರೀನ್ ಕರೆದಳು, ಝುಬೇರ್ ಗದರಿದ, ಬಿಡಲಿಲ್ಲ. ವ್ಯಾನಿನ ಆಯಾ ಬಂದು ಮಣಿಕಟ್ಟು ಹಿಡಿದು ಎಳೆದಳು. ಮಗು ಕಿಟಾರನೆ ಕಿರುಚಿತು.

"ಬುಡವ್ವ, ನೋವಾಯ್ತದೆ ಅದ್ಕೆ," ಎಂದು ಅವಳ ಕೈ ಸರಿಸಿ ರಹೀಮುನ್ನೀಸಾ ಕುಕ್ಕರಗಾಲಲ್ಲಿ ಕೂತಳು. "ನೋಡು ಮಿಸ್ಬಾ, ಅಲ್ಲೊಂದು ಕಾಗೆ ಕೂತದೆ, ಅದ್ರ ಮರಿ ಎಲ್ಲೋಯ್ತು ಗೊತ್ತಾ?" ಕಿರುಬೆರಳು. "ದೋಸೆ ತರಾಕೆ ಓಯ್ತು." ಅದರ ಪಕ್ಕದ್ದು. ಬೇರೆಯವರ ಸೆರಗಿನಿಂದ ಎಷ್ಟೋ ಮಕ್ಕಳ ಬೆರಳು ಬಿಡಿಸಿದ ಕೈ, ಮೊದಲ ಸಲ ತನ್ನ ಸೆರಗಿನಿಂದ ಬಿಡಿಸಿತು. ಹೆಬ್ಬೆರಳು ತಾನಾಗಿ ಬಂತು. ವ್ಯಾನಿನ ಬಾಗಿಲು ಹಾಕಿಕೊಂಡಿತು, ಹಿಂದಿನ ಗಾಜಿಗೆ ಪುಟ್ಟ ಮುಖ ಅಂಟಿತು. ನೋಡಬಾರದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ವ್ಯಾನು ತಿರುಗಿ ಮರೆಯಾಗುವವರೆಗೂ ನೋಡಿದಳು.

ಒಂಬತ್ತೂವರೆಗೆ ಅಂಗನವಾಡಿಯ ಬಾಗಿಲಲ್ಲಿ ದೀಪಿಕ ಎಂಬ ಹುಡುಗಿ ನಿಂತಿದ್ದಳು, ನಾಲ್ಕೈದು ವರ್ಷದ ಹಿಂದೆ ಮದುವೆಯಾಗಿ ಆ ಬೀದಿಗೆ ಬಂದ ಸೊಸೆ. ಅವಳ ಮಗನದೂ ಅದೇ ರಂಪ. ರಹೀಮುನ್ನೀಸಾ ಕೂತು ಬೆರಳು ಬಿಡಿಸಿದಳು, ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ದೀಪಿಕ ಕಣ್ಣೊರೆಸಿಕೊಂಡು ತಾನೇ ಕೇಳಿದಳು.

"ತಿರುಗಿ ನೋಡ್ದಂಗೆ ಓಗ್ಲಾ ಆಯಮ್ಮ?"

ಇಪ್ಪತ್ತಾರು ವರ್ಷ ಹೇಳಿದ ಮಾತು ಅವಳ ಬಾಯಿಗೆ ಬರಲಿಲ್ಲ.

"ವಸಿ ಒತ್ತು ನಿಂತ್ಕೊ ಕಣಮ್ಮ," ಎಂದಳು. "ನೋಡ್ಕೊಂಡೇ ಓಗು."