ಬೋನಾಳದ ಅವ್ವನ ಮುಖಕ್ಕೆ ಬೆಳಕು

ಶಹಾಪುರಕ್ಕೆ ಬಂದಿಳಿದ ಮೊದಲ ಮಧ್ಯಾಹ್ನ, ಬಾಡಿಗೆ ಮನೆಯ ಬಾಗಿಲೆದುರು ಯಾರೋ ಡಾಂಬರು ಚೆಲ್ಲಿದ್ದಾರೆಂದುಕೊಂಡು ಸೀರೆ ಎತ್ತಿ ಹಿಡಿದು ಸುತ್ತು ಹಾಕಿ ದಾಟಿದೆ. ಅದು ಮೇಲಿನ ನೀರಿನ ಟ್ಯಾಂಕಿನ ನೆರಳು! ಪಕ್ಕದ ಮನೆಯ ಮಲ್ಲಮ್ಮ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. “ನೆಳ್ಳು ತುಳದ್ರ ಕಾಲಿಗೇನ್ ಹತ್ತಂಗಿಲ್ರಿ ಟೀಚರ್, ಬರ್ರಿ,” ಎಂದು ನಕ್ಕಳು.

ಕಾರ್ಕಳದಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ಕಪ್ಪು ನೆರಳು ಗೊತ್ತಿರಲಿಲ್ಲ ಮಾರಾಯ್ರೆ. ನಮ್ಮಲ್ಲಿ ಬಿಸಿಲೂ ಎಲೆಗಳ ನಡುವೆ ಸೋಸಿಕೊಂಡು ಬರುತ್ತದೆ. ಇಲ್ಲಿ ಬಿಸಿಲೆಂದರೆ ಬಿಸಿಲು, ನೆರಳೆಂದರೆ ನೆರಳು. ಜನರ ಮಾತೂ ಹಾಗೆಯೇ. ಎಲ್ಲರೂ ನನ್ನನ್ನು ಗದರಿಸುತ್ತಿದ್ದಾರೆಂದೇ ಮೊದಲ ತಿಂಗಳು ತಿಳಿದಿದ್ದೆ. ಊಟಕ್ಕೆ ಕರೆಯುವುದೂ ಅದೇ ದನಿಯಲ್ಲಿ ಎಂದು ಆಮೇಲೆ ಗೊತ್ತಾಯಿತು. ಕುಚ್ಚಲಕ್ಕಿ ಅನ್ನ ಸಿಗದೆ ಎರಡು ದಿನ ಅತ್ತದ್ದೂ ಉಂಟು. ಮೂರನೆಯ ದಿನ ಮಲ್ಲಮ್ಮ ಜೋಳದ ರೊಟ್ಟಿ, ಇಲ್ಲಿಯವರು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ತಂದಿಟ್ಟು, ನಾನು ತಿಂದು ಮುಗಿಸುವ ತನಕ ಎದ್ದು ಹೋಗಲಿಲ್ಲ.

ನಾನಿಲ್ಲಿ ಕಲಿಸುವುದು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದನ್ನು. ಅದರಲ್ಲಿ ರೆಂಡರಿಂಗ್ ಎಂಬ ಮಾತೊಂದಿದೆ. ಗೆರೆಯಲ್ಲಿ ಬರೆದ ಮುಖ ಬರೀ ಆಕಾರ. ಅದಕ್ಕೆ ಬೆಳಕು, ನೆರಳು, ಚರ್ಮದ ನುಣುಪು, ಒರಟು ಎಲ್ಲ ತುಂಬಿ, ಮುಟ್ಟಿದರೆ ಬೆಚ್ಚಗಿದ್ದೀತು ಅನ್ನಿಸುವ ಹಾಗೆ ಮಾಡುವುದೇ ರೆಂಡರಿಂಗ್. ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಚಿತ್ರ ತೆಗೆದುಕೊಡುವುದಕ್ಕೂ ಇದೇ ಹೆಸರು, ಆದರೆ ನನ್ನದು ಕೈಕೆಲಸ. ತರಗತಿಯಲ್ಲಿ ಇದನ್ನೆಲ್ಲ ನಾನು ಭಾರೀ ಠೀವಿಯಿಂದ ಹೇಳುತ್ತಿದ್ದೆ.

ಈ ಸುದ್ದಿ ಕಿವಿಗೆ ಬಿದ್ದದ್ದೇ ಮಲ್ಲಮ್ಮ ಒಂದು ಹಳೆಯ ವೋಟರ್ ಕಾರ್ಡ್ ಹಿಡಿದು ಬಂದಳು. ಬೋನಾಳದಲ್ಲಿದ್ದ ಅವಳ ಅವ್ವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಉಳಿದಿದ್ದ ಫೋಟೊ ಇದೊಂದೇ, ಅದೂ ಹೆಬ್ಬೆರಳಿನ ಉಗುರಿನಷ್ಟು.

“ಸೋಮವಾರ ವರ್ಷದ ಪೂಜಿ ಅದರಿ. ಒಂದು ದೊಡ್ಡ ಫೋಟೊ ಮಾಡಿ ಕೊಡ್ರಿ. ದಿನಾ ಒಂದೀಟು ಅವ್ವನ ಮಾರಿ ಮರ್ತ ಹೋಗಾಕತ್ತದ. ಅಂಜಿಕಿ ಬರತದರಿ ನಂಗ.”

ಮಾರಿ ಎಂದರೆ ಇಲ್ಲಿ ಮುಖ. ಆ ಮಾತು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ?

ಎರಡು ದಿನ ಕೂತು ಮಾಡಿದೆ. ಫೋಟೊದಲ್ಲಿ ಕಂಡ ಕಲೆಗಳನ್ನೆಲ್ಲ ಪರದೆಯ ಮೇಲೆ ಅಳಿಸಿ ತೆಗೆದೆ. ಕೆನ್ನೆಗೆ ಮೆದುವಾದ ನೆರಳು, ಹಣೆಗೆ ಹೊಳಪು. ಚಂದವೋ ಚಂದ. ಹೆಮ್ಮೆಯಿಂದ ಪರದೆಯನ್ನು ಅವಳತ್ತ ತಿರುಗಿಸಿದೆ. ಮಲ್ಲಮ್ಮ ಬಹಳ ಹೊತ್ತು ನೋಡಿದಳು.

“ಯಾರ್ರಿ ಇಕಿ? ನಮ್ಮವ್ವ ಅಲ್ರಿ.”

“ಕಾರ್ಡಿನಲ್ಲಿ ಇದ್ದ ಹಾಗೇ ಮಾಡಿದ್ದು ಮಲ್ಲಮ್ಮಾ.”

“ಗದ್ದದ ಮ್ಯಾಲಿನ ಹಚ್ಚಿ ಎಲ್ಲಿ ಹೋತು? ಮೂರು ಚುಕ್ಕಿ ಇದ್ವು. ಸಣ್ಣಾಕಿದ್ದಾಗ ಅವನ್ನ ಎಣಿಸ್ಕೋತ ಮಲಗ್ತಿದ್ದೆ.”

ಅಯ್ಯೋ ನನ್ನ ಕರ್ಮವೇ! ಆ ಹಚ್ಚೆಯ ಚುಕ್ಕಿಗಳನ್ನು ಕೊಳೆಯೆಂದುಕೊಂಡು ನಾನೇ ಅಳಿಸಿದ್ದೆ. ಮಗಳೊಬ್ಬಳ ಬಳಿ ಉಳಿದಿದ್ದ ಗುರುತನ್ನು, ಚಂದ ಮಾಡುವ ಅವಸರದಲ್ಲಿ. ರೆಂಡರಿಂಗ್‌ಗೆ ಮೊದಲು ಬೆಳಕು ಎಲ್ಲಿಂದ ಬರುತ್ತದೆಂದು ಕೇಳಿಕೊಳ್ಳಿ ಎಂದು ಮಕ್ಕಳಿಗೆ ಹೇಳುವವಳು, ನಾನು ಅದನ್ನೂ ಕೇಳಿರಲಿಲ್ಲ. ಈಗ ಕೇಳಿದೆ. “ಅವ್ವ ನೆನಪಾಗುವಾಗ ಅವರ ಮುಖದ ಮೇಲೆ ಬೆಳಕು ಎಲ್ಲಿಂದ ಬೀಳ್ತದೆ ಮಲ್ಲಮ್ಮಾ?”

ಅವಳು ಕಣ್ಣು ಮುಚ್ಚಿದಳು. “ಕೆಳಗಿಂದ್ರಿ. ಒಲಿ ಮುಂದ ಕುಂತು ರೊಟ್ಟಿ ಬಡೀತಿದ್ಳು. ಗದ್ದ ಕೆಂಪಗ ಕಾಣ್ತಿತ್ತು, ಹಣಿ ಕತ್ತಲದಾಗ. ಹೊಗಿಗೆ ಒಂದು ಕಣ್ಣು ಸಣ್ಣ ಮಾಡ್ತಿದ್ಳು ನೋಡ್ರಿ, ಈ ಎಡಗಣ್ಣು.”

ಕೆಳಗಿನ ಬೆಳಕಿನಲ್ಲಿ ಮುಖ ಭಯಂಕರವಾಗಿ ಕಾಣುತ್ತದೆ, ಹಾಗೆ ಮಾಡಬಾರದು ಎಂದು ನನಗೆ ಕಲಿಸಿದ್ದರು. ನಾನೂ ಅದನ್ನೇ ಕಲಿಸುತ್ತಿದ್ದೆ. ಈ ಸಲ ಮಲ್ಲಮ್ಮ ಪಕ್ಕದಲ್ಲಿ ನಿಂತು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. “ಇನ್ನೂ ಕರ್ರಗ ಮಾಡ್ರಿ. ಅಷ್ಟು ನುಣ್ಣಗ ಇರ್ಲಿಲ್ಲ ನಮ್ಮವ್ವ, ಹೊಲದಾಗ ದುಡದಾಕಿ.” ಭಾನುವಾರ ಸಂಜೆಗೆ ಕೆಲಸ ಮುಗಿಯಿತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಪರದೆಯ ಮೇಲಿನ ಮೂರು ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟಿದಳು.

“ಯವ್ವಾ, ರೊಟ್ಟಿ ಹೊತ್ತಾಕತ್ತದ ನೋಡು,” ಎಂದು ಹೇಳಿ ಗೊಳೋ ಎಂದು ಅತ್ತಳು. ನಾನೂ ಅತ್ತೆ.

ಬೋನಾಳದ ಪೂಜೆಗೆ ನನ್ನನ್ನೂ ಕರೆದುಕೊಂಡು ಹೋದಳು. ಯಾರೋ ಅಜ್ಜಿ ನನ್ನನ್ನು ತೋರಿಸಿ “ಇಕಿ ಯಾರ ಪೈಕಿ?” ಎಂದಾಗ ಮಲ್ಲಮ್ಮ “ನಮ್ಮಾಕೀನ ಬೇ,” ಎಂದಳು. ಕೇಳಿ ಹಿಗ್ಗಿದೆ. ಅದೇ ಹಿಗ್ಗಿನಲ್ಲಿ ನನ್ನಮ್ಮನ ಮುಖವನ್ನೂ ನೆನೆಯಲು ಹೋದೆ. ಅಮ್ಮ ಕಂಡಳು, ಆದರೆ ಅವಳ ಮುಖದ ಮೇಲೂ ಆ ಒಲೆಯ ಕೆಂಪು ಬೆಳಕೇ. ಕಾರ್ಕಳದ ಬೆಳಕು ಎಷ್ಟು ತಡಕಿದರೂ ಸಿಗಲಿಲ್ಲ. ಹೊರಗೆ ಬಂದು ಫೋನ್ ಮಾಡಿದೆ.

“ಅಮ್ಮ, ಬೆಳಿಗ್ಗೆ ನೀನು ತೆಂಗಿನಕಾಯಿ ತುರಿಯುವಾಗ ಬೆಳಕು ಯಾವ ಕಡೆಯಿಂದ ಬರ್ತದೆ?”



“ಎಂತ ಮಾರಾಯ್ತಿ, ಅಷ್ಟೂ ಮರೆತು ಹೋಯ್ತಾ ನಿಂಗೆ?”